ಬಿರುಕಿನ ರುಜುವಾತು ಯಾರ ಹೊರೆ?

ನೆದರ್ಲೆಂಡ್ಸಿನ ಉತ್ತರದಲ್ಲಿರುವ ಗ್ರೋನಿಂಗನ್ ಪ್ರಾಂತ್ಯದಲ್ಲಿ 1959ರಲ್ಲಿ ಭಾರೀ ಅನಿಲ ನಿಕ್ಷೇಪ ಸಿಕ್ಕಿತು, ದೇಶ ಸಿರಿವಂತವಾಯಿತು. ಚರಿತ್ರೆ ಇಷ್ಟು ಸಾಕು. ಇವತ್ತು ನಾನು ಹಿಡಿದಿರುವ ತಕರಾರು ಅಲ್ಲಿನ ಹಳ್ಳಿಮನೆಗಳ ಗೋಡೆ ಬಿರುಕಿನದು; ಅದು ಯಾರಿಂದಾಯಿತೆಂದು ರುಜುವಾತು ಮಾಡಬೇಕಾದವರು ಯಾರು ಎಂಬುದು. ಸುಮಾರು 3 ಕಿಲೋಮೀಟರ್ ಆಳದ ಮರಳುಗಲ್ಲಿನಿಂದ ಅನಿಲ ತೆಗೆದಂತೆಲ್ಲ ಒತ್ತಡ ಇಳಿಯುತ್ತದೆ, ಮೇಲಿನ ಭಾರಕ್ಕೆ ಕಲ್ಲು ಕುಗ್ಗುತ್ತದೆ, ಹಳೆಯ ಸ್ತರಭಂಗಗಳು ಜಾರುತ್ತವೆ. ಭೂಕಂಪದ ಲೆಕ್ಕದಲ್ಲಿ ಇದು ತೀರಾ ಕಡಿಮೆ ಆಳ. ಹಾಗಾಗಿ ಸಣ್ಣ ಕಂಪನಕ್ಕೂ ಇಟ್ಟಿಗೆ ಗೋಡೆ ಅಲುಗುತ್ತದೆ. 1986ರಲ್ಲಿ ಪಕ್ಕದ ಪ್ರಾಂತ್ಯದ ಆಸನ್ ಪಟ್ಟಣ ನಡುಗಿದಾಗ, ಅನಿಲ ತೆಗೆದದ್ದೇ ಕಾರಣವೆಂದ ಭೂಗೋಳತಜ್ಞ ಮೇಂಟ್ ವಾನ್ ಡೆರ್ ಸ್ಲೌಸ್ ಅವರನ್ನು ಬಲ್ಲವರೇ ಗೇಲಿ ಮಾಡಿದರು. 1993ರಲ್ಲಿ ಅಧಿಕೃತ ಅಧ್ಯಯನವೇ ಆ ಸಂಬಂಧವನ್ನು ಒಪ್ಪಿತು. ಆದರೆ ಕಾನೂನು ಕದಲಲಿಲ್ಲ; ರುಜುವಾತಿನ ಹೊರೆ ಮನೆಯವರ ತಲೆಯ ಮೇಲೇ ಉಳಿಯಿತು.

2012ರ ಆಗಸ್ಟಿನಲ್ಲಿ ಹೌಜಿಂಗೆ ಎಂಬ ಹಳ್ಳಿಯಲ್ಲಿ 3.6 ಪ್ರಮಾಣದ ಕಂಪನವಾಯಿತು. ಉತ್ಪಾದನೆ ತಗ್ಗಿಸಿ ಎಂದು ಗಣಿ ಮೇಲ್ವಿಚಾರಣಾ ಸಂಸ್ಥೆ 2013ರ ಜನವರಿಯಲ್ಲಿ ಸಲಹೆ ಕೊಟ್ಟಿತು. ಆ ವರ್ಷ ತೆಗೆದದ್ದು ಸುಮಾರು 54 ಶತಕೋಟಿ ಘನ ಮೀಟರ್, ಹಿಂದಿನ ವರ್ಷಕ್ಕಿಂತಲೂ ಹೆಚ್ಚು! ಕೊನೆಗೆ 2017ರ ಹೊತ್ತಿಗೆ ಕಾನೂನು ತಿರುಗಿತು: ಅನಿಲ ತೆಗೆಯುವುದರಿಂದ ಆಗಬಹುದಾದಂಥ ಹಾನಿ ಅದರಿಂದಲೇ ಆಯಿತೆಂದು ಮೊದಲು ಭಾವಿಸಬೇಕು, ಅಲ್ಲವೆಂದು ತೋರಿಸುವುದು ಕಂಪನಿಯ ಕೆಲಸ. ಜೇಡಿ ನೆಲ, ಅಂತರ್ಜಲದ ಇಳಿತ, ಹಳೆಯ ಅಡಿಪಾಯಗಳಿಂದಲೂ ಗೋಡೆ ಸೀಳುತ್ತದಲ್ಲ ಎಂಬ ಆಕ್ಷೇಪವಿದೆ. ನಿಜ, ಸೀಳುತ್ತದೆ. ಈ ನಿಯಮದಡಿ ಅನಿಲಕ್ಕೆ ಸಂಬಂಧವಿಲ್ಲದ ಕೆಲವು ಬಿರುಕುಗಳಿಗೂ ಪರಿಹಾರ ಸಂದೇ ಸಲ್ಲುತ್ತದೆ. ಆದರೆ ಬಾವಿಬಾವಿಯ ಒತ್ತಡದ ದಾಖಲೆ, ಭೂಗರ್ಭದ ನಕ್ಷೆ, ಅದನ್ನು ಓದಬಲ್ಲ ತಜ್ಞರು ಎಲ್ಲ ಕಂಪನಿಯ ಬಳಿ. ಮನೆಯವರ ಬಳಿ ಬಿರುಕೊಂದೇ. ತಪ್ಪು ಎರಡು ಕಡೆಯೂ ಆಗಬಹುದಾದಾಗ, ಅದನ್ನು ತಾಳಿಕೊಳ್ಳಬಲ್ಲವರ ಕಡೆಗೇ ಆಗಲಿ ಎನ್ನುವುದು ಔದಾರ್ಯವಲ್ಲ, ನ್ಯಾಯ. ಅನಿಲದ ಹಣ ಇಡೀ ದೇಶವನ್ನು ಸಾಕಿತು ಎನ್ನುವವರೂ ಇದ್ದಾರೆ. ಸರ್ಕಾರಕ್ಕೆ ಬಂದದ್ದು ಸುಮಾರು 363 ಶತಕೋಟಿ ಯೂರೋ. ಗ್ರೋನಿಂಗನ್ ಜನರ ಹಿತವನ್ನು ಉದ್ದಕ್ಕೂ ಕಡೆಗಣಿಸಲಾಯಿತೆಂದು 2023ರಲ್ಲಿ ಸಂಸದೀಯ ತನಿಖೆಯೇ ಹೇಳಿದ ಮೇಲೆ, ಆ ಮೊತ್ತ ಸಮರ್ಥನೆಯಾಗದು, ಸಾಲದ ಅಳತೆಯಾದೀತು.

2023ರ ಅಕ್ಟೋಬರ್ 1ರಂದು ಉತ್ಪಾದನೆ ನಿಂತಿತು, ನೆಲದ ನಡುಕ ನಿಂತಿಲ್ಲ. ಹಾಗಾದರೆ ಈ ನಿಯಮ ಎಷ್ಟು ಕಾಲ ನಡೆಯಬೇಕು? 2050ರಲ್ಲಿ ಸೀಳಿದ ಗೋಡೆಗೂ ಅನ್ವಯಿಸಬೇಕೆ? ನಿಕ್ಷೇಪದ ಗಡಿಯಿಂದ ಎಷ್ಟು ದೂರದವರೆಗೆ? ನನ್ನ ವಾದ ಅವಧಿಯನ್ನೂ ಹೇಳುವುದಿಲ್ಲ, ಗಡಿಯನ್ನೂ ಹೇಳುವುದಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ, ಆ ಗೆರೆಯಾಚೆಯ ಮನೆಯವರಿಗೆ ಏನು ಹೇಳೋಣ?