ಲೆಕ್ಕದ ಪುಸ್ತಕಕ್ಕೆ ನಾಲ್ಕು ಪ್ರಶ್ನೆಗಳು

(ಉಳ್ಳಾಲದಲ್ಲಿ ಮಾಡಿದ ಭಾಷಣದ ಸಾರ)



ವ್ಯಾಪಾರಿಯು ತನ್ನ ಲೆಕ್ಕದ ಪುಸ್ತಕಕ್ಕೆ ನಾಲ್ಕು ಪ್ರಶ್ನೆಗಳನ್ನು ಕೇಳಬೇಕೆಂದು ಅಂಕಿಅಂಶ ವಿಶ್ಲೇಷಣೆಯ ಶಾಸ್ತ್ರ ಹೇಳುತ್ತದೆ: ಏನಾಯಿತು? ಏಕಾಯಿತು? ಮುಂದೇನಾಗಬಹುದು? ಈಗೇನು ಮಾಡಬೇಕು?

ನಮ್ಮೂರಿನ ಮೀನುಗಾರನಿಗೆ ಮೂರನೆಯ ಪ್ರಶ್ನೆಯ ಒಂದು ಭಾಗಕ್ಕೆ ಉತ್ತರ ಆಕಾಶದಿಂದಲೇ ಬರುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯು ಉಪಗ್ರಹಗಳು ಅಳೆದ ಕಡಲಿನ ಮೇಲ್ಮೈ ಉಷ್ಣತೆ ಹಾಗೂ ನೀರಿನಲ್ಲಿರುವ ಪತ್ರಹರಿತ್ತಿನ ಪ್ರಮಾಣವನ್ನು ನೋಡಿ, ಮೀನು ಸಿಗಬಹುದಾದ ತಾಣಗಳನ್ನು ತಿಳಿಸುತ್ತದೆ. ಆದರೆ ಅಲ್ಲಿಗೆ ಹೋಗಿಬರುವ ಡೀಸೆಲ್, ಮಂಜುಗಡ್ಡೆ, ಕೂಲಿಯ ಖರ್ಚು ದಕ್ಕೆಯ ದರದಲ್ಲಿ ಹುಟ್ಟುವುದೇ ಎಂಬುದನ್ನು ಉಪಗ್ರಹ ಹೇಳಲಾರದು. ಅದನ್ನು ಹೇಳಬೇಕಾದುದು ನಮ್ಮದೇ ಪುಸ್ತಕ.

ನಾವಾದರೋ ಮೊದಲ ಪ್ರಶ್ನೆಯಲ್ಲೇ ನಿಂತುಬಿಡುತ್ತೇವೆ. 'ಈ ಸಲ ನಷ್ಟ' ಎಂದು ನಿಟ್ಟುಸಿರಿಡುತ್ತೇವೆ. ಮೀನು ಕಡಿಮೆಯಾಯಿತೋ, ಡೀಸೆಲ್ ಹೆಚ್ಚು ಉರಿಯಿತೋ, ಬಾಕಿ ವಸೂಲಾಗಲಿಲ್ಲವೋ ಎಂದು ಬಿಡಿಸಿ ನೋಡುವುದಿಲ್ಲ. ಕಾರಣವರಿಯದೆ ಮನೆಯ ಹೆಂಗಸರ ಚಿನ್ನವನ್ನು ಅಡವಿಟ್ಟು ಎರಡನೆಯ ದೋಣಿ ಕೊಂಡರೆ ನಷ್ಟವೂ ಇಮ್ಮಡಿಯಾಗುತ್ತದೆ.

ಪ್ರತಿ ಸಲದ ಖರ್ಚು, ಮೀನಿನ ತೂಕ, ದರ, ಬಾಕಿ ಇವನ್ನು ದಿನಾಂಕ ಸಹಿತ ಬರೆದಿಡಿರಿ. ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ ಮನೆಮಂದಿಯೆಲ್ಲ ಕುಳಿತು ಅದನ್ನು ಓದಿರಿ. ಶಾಲೆ ಕಲಿತ ಮಗಳನ್ನೂ ಜೊತೆಗೆ ಕೂರಿಸಿಕೊಳ್ಳಿರಿ. ದೋಣಿ ಕೊಳ್ಳಬೇಕೋ ಬೇಡವೋ ಎಂಬ ನಾಲ್ಕನೆಯ ಪ್ರಶ್ನೆಗೆ ಉತ್ತರ ಆ ಪುಟಗಳಲ್ಲೇ ಸಿಕ್ಕೀತು.