ರಾಜದ್ರೋಹ, ದೇಶದ್ರೋಹ ಮತ್ತು ಒಂದು ಹಣೆಪಟ್ಟಿ

(ಬೀದರ್‌ನಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಲಿಖಿತ ರೂಪ)



ನಾನು ಇತಿಹಾಸದ ಪಂಡಿತನಲ್ಲ, ಕಾನೂನು ಓದಿದವನೂ ಅಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಈ ಜಿಲ್ಲೆಯಲ್ಲಿ ಸುದ್ದಿಗಾಗಿ ಓಡಾಡುವ ಒಬ್ಬ ವರದಿಗಾರ. ಆದ್ದರಿಂದ ನನ್ನದೇ ಒಂದು ತಪ್ಪಿನಿಂದ ಮಾತು ಆರಂಭಿಸುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಔರಾದ್ ತಾಲ್ಲೂಕಿನ ಹಳ್ಳಿಯೊಂದಕ್ಕೆ ಹೋಗಿದ್ದೆ. ರಸ್ತೆ ಆಗುವ ತನಕ ಮತ ಹಾಕುವುದಿಲ್ಲ ಎಂದು ಊರವರು ಫಲಕ ಬರೆದು ಕಟ್ಟಿದ್ದರು. ಅಲ್ಲಿದ್ದ ಮುಖಂಡರೊಬ್ಬರು ‘ಇದು ದೇಶವಿರೋಧಿ ಕೃತ್ಯ’ ಎಂದರು. ನಾನು ವರದಿಯ ಮೊದಲ ಸಾಲಿನಲ್ಲೇ ಆ ಮಾತನ್ನು ಇಟ್ಟು ಕಳುಹಿಸಿದೆ. ರಾತ್ರಿ ಡೆಸ್ಕಿನ ಹಿರಿಯರು ಫೋನು ಮಾಡಿದರು.

‘ಏನಪ್ಪಾ, ಆ ಊರವರು ಮಾಡಿದ್ದಾದರೂ ಏನು?’

‘ದೇಶವಿರೋಧಿ ಫಲಕ ಕಟ್ಟಿದ್ದಾರೆ ಸರ್.’

‘ಅದು ಇನ್ನೊಬ್ಬರು ಅಂದದ್ದು. ಫಲಕದಲ್ಲಿ ಏನಿತ್ತು?’

‘ರಸ್ತೆ ಬೇಕು ಅಂತ ಇತ್ತು.’

‘ಎಷ್ಟು ಕಿಲೋಮೀಟರ್ ರಸ್ತೆ? ಎಷ್ಟು ವರ್ಷದಿಂದ ಕೇಳ್ತಾ ಇದ್ದಾರೆ?’

ನನ್ನಲ್ಲಿ ಉತ್ತರವಿರಲಿಲ್ಲ. ಮತದಾನ ಬಹಿಷ್ಕಾರ ಸರಿಯೋ ತಪ್ಪೋ ಎಂಬುದು ಚರ್ಚಿಸಬೇಕಾದ ವಿಷಯವೇ. ಆದರೆ ಆ ಒಂದು ಪದ ಕಿವಿಗೆ ಬಿದ್ದ ಕೂಡಲೇ ನಾನು ಉಳಿದ ಪ್ರಶ್ನೆಗಳನ್ನು ಕೇಳುವುದನ್ನೇ ಬಿಟ್ಟಿದ್ದೆ. ಇಂದಿನ ನನ್ನ ವಿಷಯ ಅದೇ. ಯಾವುದೇ ಮಾತನ್ನು, ಕೃತಿಯನ್ನು, ಮನುಷ್ಯನನ್ನು ‘ರಾಷ್ಟ್ರದ ಮೌಲ್ಯಗಳಿಗೆ ವಿರುದ್ಧ’ ಎಂದು ಕರೆದಾಗ ನಿಜವಾಗಿ ಏನಾಗುತ್ತದೆ?

ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಊರಿನ ಮಹಮೂದ್ ಗವಾನ್ ಮದರಸಾ ನಿಮಗೆಲ್ಲ ಗೊತ್ತು. 1472ರಲ್ಲಿ ಅದನ್ನು ಕಟ್ಟಿಸಿದ ಗವಾನ್ ಬಹಮನಿ ರಾಜ್ಯದ ಪ್ರಧಾನಿ. ಇರಾನಿನ ಗೀಲಾನ್ ಪ್ರಾಂತ್ಯದಿಂದ ಬಂದು ಇಲ್ಲಿ ನೆಲೆಸಿದವರು. ಆಡಳಿತವನ್ನು ಬಿಗಿಗೊಳಿಸಿ, ಪ್ರಾಂತ್ಯಾಧಿಕಾರಿಗಳ ಬಲವನ್ನು ತಗ್ಗಿಸಿದ್ದರಿಂದ ದರ್ಬಾರಿನಲ್ಲಿ ಅವರಿಗೆ ಶತ್ರುಗಳು ಹುಟ್ಟಿಕೊಂಡರು. ‘ದಖನಿ’ ಮತ್ತು ‘ಪರದೇಶಿ’ ಎಂಬ ಎರಡು ಬಣಗಳ ಜಗಳ ಮೊದಲೇ ಇತ್ತು. ವಿರೋಧಿಗಳು ಗವಾನರ ಮುದ್ರೆಯನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡು, ಒರಿಸ್ಸಾದ ರಾಜನನ್ನು ದಂಡೆತ್ತಿ ಬರುವಂತೆ ಕರೆದ ಪತ್ರವನ್ನು ಅದರಲ್ಲಿ ಬರೆದು ಸುಲ್ತಾನ ಮೂರನೆಯ ಮುಹಮ್ಮದನ ಮುಂದಿಟ್ಟರು. ಮುದ್ರೆ ಅಸಲಿ, ಪತ್ರ ನಕಲಿ. ವಿಚಾರಣೆಯೇ ನಡೆಯಲಿಲ್ಲ. 1481ರ ಏಪ್ರಿಲ್‌ನಲ್ಲಿ, ಎಪ್ಪತ್ತು ದಾಟಿದ ಆ ಮುದುಕನ ತಲೆ ತೆಗೆಸಲಾಯಿತು. ಸತ್ಯ ತಿಳಿದು ಪಶ್ಚಾತ್ತಾಪಪಟ್ಟ ಸುಲ್ತಾನ ಮರುವರ್ಷವೇ ತೀರಿಕೊಂಡ. ಮುಂದೆ ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯಿತು. ದ್ರೋಹಿ ಎಂದು ಕರೆಸಿಕೊಂಡವನಿಗಿಂತ ಹಾಗೆ ಕರೆದವರಿಂದಲೇ ರಾಜ್ಯಕ್ಕೆ ಹೆಚ್ಚು ಹಾನಿಯಾಯಿತು ಎಂದರೆ ಅತಿಶಯೋಕ್ತಿಯಲ್ಲ.

ಎರಡನೆಯ ಉದಾಹರಣೆ ಭಾಲ್ಕಿಯದು. ನಿಜಾಮರ ಕಾಲದಲ್ಲಿ ಉರ್ದು ಆಡಳಿತ ಭಾಷೆ, ಶಿಕ್ಷಣದ ಭಾಷೆಯೂ ಹೌದು. ಕನ್ನಡ ಶಾಲೆ ನಡೆಸುವುದು ಸರ್ಕಾರದ ಕಣ್ಣಿಗೆ ಅನುಮಾನದ ಕೆಲಸ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬ ಮಾತು ಜಿಲ್ಲೆಯ ಮನೆಮನೆಗಳಲ್ಲಿದೆ. ಅವರ ಹುಟ್ಟೂರು ಕಮಲನಗರ. ಇದರಲ್ಲಿ ಉರ್ದುವಿನ ತಪ್ಪೇನಿಲ್ಲ. ನಮ್ಮ ಬೀದರ್‌ನ ಬಾಯಲ್ಲಿ ಕನ್ನಡ, ಉರ್ದು, ಮರಾಠಿ ಮೂರೂ ಒಂದೇ ಮಾತಿನಲ್ಲಿ ಬಂದು ಹೋಗುತ್ತವೆ. ತಪ್ಪು ಇದ್ದದ್ದು ತಾಯ್ನುಡಿಯ ಅಕ್ಷರವನ್ನೂ ಗದ್ದುಗೆಗೆ ಅಪಾಯವೆಂದು ಕಂಡ ಆಡಳಿತದಲ್ಲಿ. 1938ರಲ್ಲಿ ಇದೇ ಹೈದರಾಬಾದ್ ಸಂಸ್ಥಾನದಲ್ಲಿ ಸ್ಟೇಟ್ ಕಾಂಗ್ರೆಸ್ ಇನ್ನೂ ಹುಟ್ಟುವ ಮೊದಲೇ ಅದನ್ನು ನಿಷೇಧಿಸಲಾಯಿತು. ವಂದೇ ಮಾತರಂ ಹಾಡಿದ್ದಕ್ಕೆ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಅವರಲ್ಲಿ ಅನೇಕರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಅಂದು ಆ ಹಾಡು ದ್ರೋಹ. 1950ರಲ್ಲಿ ಅದಕ್ಕೆ ರಾಷ್ಟ್ರಗೀತೆಗೆ ಸಮನಾದ ಗೌರವ ದೊರೆಯಿತು. ಹಾಡು ಬದಲಾಗಲಿಲ್ಲ, ಅಧಿಕಾರ ಬದಲಾಯಿತು.

ಇಲ್ಲಿ ಒಂದು ಪದದ ಕಥೆ ಹೇಳಬೇಕು. ಬ್ರಿಟಿಷರು 1870ರಲ್ಲಿ ಭಾರತೀಯ ದಂಡ ಸಂಹಿತೆಗೆ 124ಎ ಕಲಂ ಸೇರಿಸಿದರು. ಸರ್ಕಾರದ ಬಗ್ಗೆ ದ್ವೇಷ, ತಿರಸ್ಕಾರ, ಅಪ್ರೀತಿ ಹುಟ್ಟಿಸುವುದು ಅದರ ಪ್ರಕಾರ ಅಪರಾಧ. ತಿಲಕರು 1897ರಲ್ಲಿ ಮತ್ತು 1908ರಲ್ಲಿ, ಗಾಂಧೀಜಿ 1922ರಲ್ಲಿ ಇದರಡಿ ಜೈಲಿಗೆ ಹೋದರು. ಇದಕ್ಕೆ ಕನ್ನಡದಲ್ಲಿ ಸರಿಯಾದ ಹೆಸರು ‘ರಾಜದ್ರೋಹ’. ರಾಜ ಹೋದ ಮೇಲೆ ನಾವು ಪತ್ರಿಕೆಯವರು ಅದನ್ನು ‘ದೇಶದ್ರೋಹ’ ಎಂದು ಬರೆಯಲು ರೂಢಿ ಮಾಡಿಕೊಂಡೆವು. ಕಾನೂನು ಹೇಳಿದ್ದು ಸರ್ಕಾರದ ಮಾತು, ನಮ್ಮ ಶೀರ್ಷಿಕೆ ಹೇಳಿದ್ದು ದೇಶದ ಮಾತು. ಸರ್ಕಾರ ಐದು ವರ್ಷಕ್ಕೊಮ್ಮೆ ಬದಲಾಗಬಹುದು, ದೇಶ ಬದಲಾಗುವುದಿಲ್ಲ. ಈ ಎರಡನ್ನೂ ಒಂದೇ ಪದದಲ್ಲಿ ಕಟ್ಟಿದ ಮೇಲೆ ಸರ್ಕಾರವನ್ನು ಬೈದವನು ದೇಶವನ್ನು ಬೈದಂತೆಯೇ ಕಾಣುತ್ತಾನೆ.

ಸಂವಿಧಾನ ರಚಿಸಿದವರಿಗೆ ಈ ಅಪಾಯ ಗೊತ್ತಿತ್ತು. ವಾಕ್ ಸ್ವಾತಂತ್ರ್ಯಕ್ಕೆ ಹಾಕುವ ನಿರ್ಬಂಧಗಳ ಕರಡಿನಲ್ಲಿದ್ದ ರಾಜದ್ರೋಹದ ಪದವನ್ನು ಕೆ.ಎಂ. ಮುನ್ಷಿಯವರ ತಿದ್ದುಪಡಿಯಂತೆ ಅವರು ಕೈಬಿಟ್ಟರು. 1962ರ ಕೇದಾರನಾಥ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 124ಎ ಕಲಂ ಅನ್ನು ಉಳಿಸಿತಾದರೂ, ಹಿಂಸೆಗೆ ಅಥವಾ ಸಾರ್ವಜನಿಕ ಅಶಾಂತಿಗೆ ಪ್ರಚೋದಿಸುವ ಮಾತಿಗೆ ಮಾತ್ರ ಅದು ಅನ್ವಯ ಎಂದು ಗೆರೆ ಎಳೆಯಿತು. ‘ರಾಷ್ಟ್ರವಿರೋಧಿ ಚಟುವಟಿಕೆ’ ಎಂಬ ಪದ ಸಂವಿಧಾನದೊಳಗೆ ಬಂದದ್ದು ತುರ್ತು ಪರಿಸ್ಥಿತಿಯಲ್ಲಿ, 1976ರ 42ನೇ ತಿದ್ದುಪಡಿಯ 31ಡಿ ವಿಧಿಯಾಗಿ. 1977ರ 43ನೇ ತಿದ್ದುಪಡಿ ಆ ವಿಧಿಯನ್ನು ಕಿತ್ತುಹಾಕಿತು. ಯಾವ ಕಾನೂನಿನಲ್ಲೂ ಈ ಪದಕ್ಕೆ ವ್ಯಾಖ್ಯೆ ಇಲ್ಲವೆಂದು ಕೇಂದ್ರ ಸರ್ಕಾರವೇ 2021ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿತು. ವ್ಯಾಖ್ಯೆಯಿಲ್ಲದ ಪದವನ್ನು ನಾವು ದಿನವೂ ಎಷ್ಟು ಸಲೀಸಾಗಿ ಬಳಸುತ್ತೇವೆ!

ಈಗ ನಮ್ಮ ಊರಿನ ಇತ್ತೀಚಿನ ಸಂಗತಿಗೆ ಬರೋಣ. 2020ರ ಜನವರಿ 21ರಂದು ಬೀದರ್‌ನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯನ್ನು ಟೀಕಿಸುವ ನಾಟಕ ಆಡಿದರು. ಪ್ರಧಾನಿಯವರ ವಿಷಯದಲ್ಲಿ ಚಪ್ಪಲಿಯ ಮಾತೂ ಅದರಲ್ಲಿ ಬಂದಿತ್ತು. ಜನವರಿ 26ರಂದು ದೂರು ದಾಖಲಾಯಿತು. ಕಲಂಗಳಲ್ಲಿ 124ಎ ಕೂಡ ಸೇರಿತ್ತು. 30ರಂದು ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಬಂಧಿಸಲಾಯಿತು. ಎರಡು ವಾರ ಅವರು ಜೈಲಿನಲ್ಲಿದ್ದರು. ಪೊಲೀಸರು ಮಕ್ಕಳನ್ನು ಮತ್ತೆ ಮತ್ತೆ ಪ್ರಶ್ನಿಸಿದರು. ಸಮವಸ್ತ್ರ, ಶಸ್ತ್ರ ಧರಿಸಿ ಮಕ್ಕಳನ್ನು ವಿಚಾರಿಸಿದ್ದು ಮೇಲ್ನೋಟಕ್ಕೆ ಬಾಲನ್ಯಾಯ ಕಾಯ್ದೆಯ ಉಲ್ಲಂಘನೆ ಎಂದು ಹೈಕೋರ್ಟು 2021ರಲ್ಲಿ ಹೇಳಿತು.

2023ರ ಜೂನ್ 14ರಂದು ಹೈಕೋರ್ಟಿನ ಕಲಬುರಗಿ ಪೀಠದ ನ್ಯಾಯಮೂರ್ತಿ ಹೇಮಂತ ಚಂದನಗೌಡರ್ ಶಾಲೆಯ ಆಡಳಿತ ಮಂಡಳಿಯವರ ಮೇಲಿನ ಪ್ರಕರಣವನ್ನು ರದ್ದುಪಡಿಸಿದರು. ನಾಟಕ ಯಾರನ್ನೂ ಹಿಂಸೆಗೆ ಪ್ರಚೋದಿಸಿರಲಿಲ್ಲ ಎಂಬುದು ಅದರ ತಿರುಳು. ಆದರೆ ತೀರ್ಪು ಅಲ್ಲಿಗೇ ನಿಲ್ಲಲಿಲ್ಲ. ಪ್ರಧಾನಿಯ ಬಗ್ಗೆ ಆಡಿದ ಮಾತು ಅವಹೇಳನಕಾರಿ, ಬೇಜವಾಬ್ದಾರಿಯದು ಎಂದಿತು. ಸರ್ಕಾರದ ನೀತಿಯನ್ನು ಟೀಕಿಸಲು ಮಕ್ಕಳನ್ನು ಬಳಸಬಾರದೆಂದು ಶಾಲೆಗೆ ಬುದ್ಧಿ ಹೇಳಿತು.

ಈ ತೀರ್ಪಿನ ಎರಡು ಭಾಗಗಳನ್ನು ಒಟ್ಟಿಗೆ ಓದಬೇಕೆಂದು ನನ್ನ ಕೋರಿಕೆ. ಒಂದು ಮಾತು ಒರಟಾಗಿರಬಹುದು, ಅನುಚಿತವಾಗಿರಬಹುದು, ಅದನ್ನು ಖಂಡಿಸಲು ನಮಗೆ ಪೂರ್ಣ ಹಕ್ಕಿದೆ. ಅಷ್ಟರಿಂದಲೇ ಅದು ದ್ರೋಹವಾಗುವುದಿಲ್ಲ. ತಪ್ಪು ಬೇರೆ, ದ್ರೋಹ ಬೇರೆ. ಮಕ್ಕಳಿಂದ ಆ ನಾಟಕ ಆಡಿಸಿದ್ದು ಸರಿಯೇ ಎಂದು ಪೋಷಕರು, ಶಿಕ್ಷಕರು ಕೂತು ಮಾತಾಡಬಹುದಿತ್ತು. ದ್ರೋಹದ ಹಣೆಪಟ್ಟಿ ಬಿದ್ದ ಕೂಡಲೇ ಆ ಚರ್ಚೆ ಮುಗಿದು ಪೊಲೀಸರ ಕೆಲಸ ಶುರುವಾಯಿತು. ಪ್ರಕರಣ ಬಿದ್ದುಹೋಗಲು ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಹಾಗಾದರೆ ದೇಶಕ್ಕೆ ನಿಜವಾದ ದ್ರೋಹವೇ ಇಲ್ಲವೇ ಎಂದು ಕೇಳಬಹುದು. ಇದೆ. ಸೇನೆಯ ಗುಟ್ಟು ಮಾರುವುದು, ಬಾಂಬು ಇಡುವುದು, ಶಸ್ತ್ರ ಹಿಡಿದು ದಂಗೆ ಏಳುವುದು. ಇವಕ್ಕೆ ಬೇರೆ ಬೇರೆ ಕಾನೂನುಗಳಿವೆ, ಶಿಕ್ಷೆಯೂ ಆಗಬೇಕು. ಆದರೆ ರಸ್ತೆ ಕೇಳಿದವರಿಗೂ ಬಾಂಬು ಇಟ್ಟವರಿಗೂ ಒಂದೇ ಪದ ಬಳಸಿದರೆ ಹಗುರವಾಗುವುದು ಎರಡನೆಯ ಅಪರಾಧವೇ. ಸುಪ್ರೀಂ ಕೋರ್ಟು 2022ರ ಮೇ 11ರಂದು 124ಎ ಬಳಕೆಯನ್ನು ತಡೆಹಿಡಿಯಿತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಆ ಕಲಂ ಹೋಗಿ, ದೇಶದ ಸಾರ್ವಭೌಮತೆ ಮತ್ತು ಐಕ್ಯಕ್ಕೆ ಅಪಾಯ ತರುವ ಕೃತ್ಯಗಳ ಬಗ್ಗೆ 152ನೇ ಕಲಂ ಬಂದಿದೆ. ಪದ ಬದಲಾದರೂ ಅದನ್ನು ಬಳಸುವ ಕೈಗಳು ನಮ್ಮವೇ.

ನಮ್ಮ ರಾಷ್ಟ್ರದ ಮೌಲ್ಯಗಳು ಯಾವುವು ಎಂದು ಯಾರಾದರೂ ಕೇಳಿದರೆ ಸಂವಿಧಾನದ ಪೀಠಿಕೆಯನ್ನು ತೋರಿಸಬಹುದು. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ. ವಿಚಾರ ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯ ಆ ಪಟ್ಟಿಯಲ್ಲೇ ಇದೆ. ಅಂದಮೇಲೆ ಒಬ್ಬರ ಬಾಯಿ ಮುಚ್ಚಿಸಲು ರಾಷ್ಟ್ರೀಯ ಮೌಲ್ಯದ ಹೆಸರು ಹೇಳುವವರು ಆ ಪಟ್ಟಿಯನ್ನು ಮತ್ತೊಮ್ಮೆ ಓದುವುದು ಒಳ್ಳೆಯದು.

ವಿದ್ಯಾರ್ಥಿ ಮಿತ್ರರೇ, ಮುಂದೆ ಯಾರಾದರೂ ಈ ಹಣೆಪಟ್ಟಿ ಅಂಟಿಸಿದಾಗ ಮೂರು ಪ್ರಶ್ನೆ ಕೇಳಿ. ಆ ವ್ಯಕ್ತಿ ನಿಜವಾಗಿ ಆಡಿದ್ದೇನು, ಮಾಡಿದ್ದೇನು? ಅದರಿಂದ ಹಾನಿಯಾದದ್ದು ದೇಶಕ್ಕೋ, ಗದ್ದುಗೆಯ ಮೇಲಿರುವವರಿಗೋ? ಹಣೆಪಟ್ಟಿ ಅಂಟಿಸಿದವರಿಗೆ ಅದರಿಂದ ಏನು ಲಾಭ? ಈ ಮೂರನ್ನು ಯಾರಾದರೂ ಕೇಳಿದ್ದರೆ ಗವಾನರ ತಲೆ ಉಳಿಯುತ್ತಿತ್ತೇನೋ.

ಔರಾದ್‌ನ ಆ ಹಳ್ಳಿಗೆ ನಾನು ಮರುದಿನ ಮತ್ತೆ ಹೋದೆ. ರಸ್ತೆಯ ಉದ್ದ ಕೇಳಿ ಬರೆದುಕೊಂಡು ಬಂದೆ. ನಾಲ್ಕು ಕಿಲೋಮೀಟರ್. ವರದಿಯ ಮೊದಲ ಸಾಲು ಅದೇ ಆಯಿತು.