ಮಿಕ್ಕಿ ಮೌಸ್‌ಗೂ ಒಂದು ಸರ್ಕಾರ ಇತ್ತು: ಫ್ಲೋರಿಡಾ ಮತ್ತು ಡಿಸ್ನಿ ಜಗಳದ ಕಥೆ

ಇಯರ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲೋ ಬಸ್ಸಲ್ಲೋ ನಿಂತಿದ್ದೀರಾ ಅಂದ್ಕೊಂಡು ಶುರು ಮಾಡ್ತೀನಿ.

ಒಂದು ಕರಾರು ಪತ್ರದ ಬಗ್ಗೆ ಹೇಳ್ತೀನಿ, ಕೇಳಿ. ಅದು ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಆಗಿದ್ದು, 2023ರ ಫೆಬ್ರವರಿಯಲ್ಲಿ. ಅದರಲ್ಲಿ ಒಂದು ಷರತ್ತು ಇತ್ತು. ಇಂಗ್ಲೆಂಡಿನ ರಾಜ ಮೂರನೇ ಚಾರ್ಲ್ಸ್ ವಂಶದಲ್ಲಿ ಇವತ್ತು ಬದುಕಿರೋರ ಪೈಕಿ ಕೊನೆಯವರು ತೀರಿಕೊಂಡು 21 ವರ್ಷ ಆಗೋ ತನಕ ಈ ಕರಾರು ಜಾರಿಯಲ್ಲಿರುತ್ತೆ ಅಂತ. ಆ ವಂಶದಲ್ಲಿ ಆಗ ಎಲ್ಲರಿಗಿಂತ ಚಿಕ್ಕವಳು ಹ್ಯಾರಿಯ ಮಗಳು ಲಿಲಿಬೆಟ್, 2021ರಲ್ಲಿ ಹುಟ್ಟಿದವಳು. ಲೆಕ್ಕ ಹಾಕ್ಕೊಳ್ಳಿ, ನೂರು ವರ್ಷದ ಆಸುಪಾಸು!

ಬರೆಸಿದ್ದು ಡಿಸ್ನಿ ಕಂಪನಿ. ಯಾಕೆ ಬರೆಸಿದ್ದು ಅಂತ ಗೊತ್ತಾಗ್ಬೇಕಾದ್ರೆ 60 ವರ್ಷ ಹಿಂದೆ ಹೋಗ್ಬೇಕು.

1960ರ ದಶಕದ ಮಧ್ಯದಲ್ಲಿ ವಾಲ್ಟ್ ಡಿಸ್ನಿ ಫ್ಲೋರಿಡಾದ ಒರ್ಲ್ಯಾಂಡೊ ಹತ್ತಿರ ಜಮೀನು ಖರೀದಿ ಮಾಡೋಕೆ ಶುರು ಮಾಡಿದ್ರು. ತಮ್ಮ ಹೆಸರಲ್ಲಿ ಅಲ್ಲ, ಬೇರೆ ಬೇರೆ ಹೆಸರಿನ ಡಮ್ಮಿ ಕಂಪನಿಗಳ ಮೂಲಕ. ಡಿಸ್ನಿ ಬರ್ತಿದೆ ಅಂತ ಗೊತ್ತಾದ್ರೆ ರೇಟು ಏರುತ್ತಲ್ವಾ. ಈ ವಿದ್ಯೆ ನಮ್ಮ ಕಡೆ ಲೇಔಟ್ ಮಾಡೋರಿಗೂ ಹೊಸದೇನಲ್ಲ ಬಿಡಿ. ಹೀಗೆ ಸೇರಿಸಿದ್ದು ಸುಮಾರು 27,000 ಎಕರೆ, ಬಹುಪಾಲು ಜೌಗು ನೆಲ. ಅಲ್ಲಿ ರಸ್ತೆ, ನೀರು, ಚರಂಡಿ ಯಾರು ಹಾಕ್ಬೇಕು? ಅಕ್ಕಪಕ್ಕದ ಕೌಂಟಿಗಳಿಗೆ ಅಷ್ಟು ಶಕ್ತಿ ಇರಲಿಲ್ಲ. ನಾವೇ ಮಾಡ್ಕೋತೀವಿ, ಅಧಿಕಾರ ಕೊಡಿ ಅಂತ ಕಂಪನಿ ಕೇಳಿತು. ವಾಲ್ಟ್ 1966ರ ಡಿಸೆಂಬರ್‌ನಲ್ಲಿ ತೀರಿಕೊಂಡ್ರು, ಆದ್ರೂ 1967ರಲ್ಲಿ ಫ್ಲೋರಿಡಾ ಶಾಸನಸಭೆ ರೀಡಿ ಕ್ರೀಕ್ ಅನ್ನೋ ವಿಶೇಷ ಜಿಲ್ಲೆ ಮಾಡಿಕೊಡ್ತು.

ಆ ಜಿಲ್ಲೆಗೆ ಏನೇನು ಅಧಿಕಾರ ಇತ್ತು ಗೊತ್ತಾ? ರಸ್ತೆ, ಕುಡಿಯೋ ನೀರು, ಒಳಚರಂಡಿ, ಅಗ್ನಿಶಾಮಕ ದಳ, ಕಟ್ಟಡದ ನಿಯಮ, ತೆರಿಗೆ ಹಾಕೋದು, ಬಾಂಡ್ ಬಿಟ್ಟು ಸಾಲ ಎತ್ತೋದು. ವಿಮಾನ ನಿಲ್ದಾಣ, ಅಣು ವಿದ್ಯುತ್ ಸ್ಥಾವರ ಕಟ್ಟೋ ಅಧಿಕಾರ ಕೂಡ ಕಾಗದದ ಮೇಲೆ ಇತ್ತು. ಬೆಂಗಳೂರಿನ ಪಾಲಿಕೆ, ಬೆಸ್ಕಾಂ, ಜಲಮಂಡಳಿ ಎಲ್ಲವನ್ನೂ ಒಂದೇ ಕಂಪನಿಯ ಕಾಂಪೌಂಡ್ ಒಳಗೆ ಇಟ್ಟ ಹಾಗೆ. ಇನ್ನು ಚುನಾವಣೆ? ಎಕರೆಗೆ ಒಂದು ವೋಟು. ಜಮೀನು ಬಹುತೇಕ ಡಿಸ್ನಿದೇ. ಆಡಳಿತ ಮಂಡಳಿ ಸದಸ್ಯರಾಗೋಕೆ ಅಲ್ಲಿ ಭೂಮಾಲೀಕರಾಗಿರಬೇಕು ಅಂತ ನಿಯಮ ಇದ್ದಿದ್ದರಿಂದ ಅವರ ಹೆಸರಿಗೆ ಐದೈದು ಎಕರೆ ಬರೆದುಕೊಡ್ತಿದ್ರು.

ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡ್ತೀನಿ. ಇದು ಸರಿಯಾದ ವ್ಯವಸ್ಥೆ ಅಂತ ನನಗೆ ಅನ್ನಿಸಲ್ಲ. ಕಂಪನಿ ತನ್ನ ಕಟ್ಟಡಕ್ಕೆ ತಾನೇ ಪರ್ಮಿಷನ್ ಕೊಟ್ಕೊಳ್ಳೋದು ಯಾವ ನ್ಯಾಯ? ಆದ್ರೆ 55 ವರ್ಷ ಎರಡೂ ಪಕ್ಷದ ಸರ್ಕಾರಗಳಿಗೆ ಇದು ತೊಂದರೆ ಅನ್ನಿಸಲೇ ಇಲ್ಲ. 1971ರ ಅಕ್ಟೋಬರ್ 1ಕ್ಕೆ ಪಾರ್ಕ್ ಬಾಗಿಲು ತೆರೀತು, ಪ್ರವಾಸಿಗರು ಬಂದ್ರು, 2023ರಲ್ಲಿ ಫ್ಲೋರಿಡಾದಲ್ಲಿ ಡಿಸ್ನಿಗೆ ಸುಮಾರು 75,000 ಉದ್ಯೋಗಿಗಳಿದ್ರು. ಚುನಾವಣಾ ದೇಣಿಗೆನೂ ಎರಡೂ ಕಡೆ ಹೋಗ್ತಿತ್ತು. ಎಲ್ಲಿವರೆಗೆ ಅಂದ್ರೆ, 2021ರಲ್ಲಿ ಫ್ಲೋರಿಡಾ ಸೋಶಿಯಲ್ ಮೀಡಿಯಾ ಕಂಪನಿಗಳಿಗೆ ಕಡಿವಾಣ ಹಾಕೋ ಕಾನೂನು ತಂದಾಗ, ಥೀಮ್ ಪಾರ್ಕ್ ಇರೋ ಕಂಪನಿಗೆ ಅದು ಅನ್ವಯಿಸಲ್ಲ ಅಂತ ಒಂದು ಸಾಲು ಸೇರಿಸಿದ್ರು. ಸೋಶಿಯಲ್ ಮೀಡಿಯಾಗೂ ಥೀಮ್ ಪಾರ್ಕ್‌ಗೂ ಏನು ಸಂಬಂಧ ಅಂತ ನನ್ನನ್ನ ಕೇಳಬೇಡಿ. ಅದಕ್ಕೆ ಸಹಿ ಹಾಕಿದ ಗವರ್ನರ್ ರಾನ್ ಡಿಸಾಂಟಿಸ್. ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರ ಥರ ಅಲ್ಲ, ಅಲ್ಲಿ ಅವರೇ ಮುಖ್ಯಮಂತ್ರಿ ಇದ್ದ ಹಾಗೆ.

ಒಂದೇ ವರ್ಷದಲ್ಲಿ ಎಲ್ಲಾ ಉಲ್ಟಾ ಆಯ್ತು.

2022ರ ಶುರುವಿನಲ್ಲಿ ಫ್ಲೋರಿಡಾ ಇನ್ನೊಂದು ಮಸೂದೆ ತಂತು. ಮೂರನೇ ತರಗತಿವರೆಗಿನ ಮಕ್ಕಳಿಗೆ ಲೈಂಗಿಕ ಒಲವು, ಲಿಂಗತ್ವದ ಬಗ್ಗೆ ಶಾಲೆಯಲ್ಲಿ ಪಾಠ ಮಾಡೋ ಹಾಗಿಲ್ಲ ಅಂತ. ಇದು ಪೋಷಕರ ಹಕ್ಕು ಅಂತ ಸರ್ಕಾರ ಹೇಳಿತು. ವಿರೋಧ ಮಾಡಿದೋರು ಇದಕ್ಕೆ 'ಡೋಂಟ್ ಸೇ ಗೇ' ಕಾನೂನು ಅಂತ ಹೆಸರಿಟ್ರು. ಡಿಸ್ನಿ ಸಿಇಒ ಬಾಬ್ ಚೇಪೆಕ್ ಮೊದಲು ಬಾಯಿ ಬಿಡಲಿಲ್ಲ. ಕಂಪನಿಯ ಒಳಗೇ ಸಿಟ್ಟು ಶುರುವಾಯ್ತು. ಆಮೇಲೆ ಚೇಪೆಕ್ ಕ್ಷಮೆ ಕೇಳಿ, ಫ್ಲೋರಿಡಾದಲ್ಲಿ ರಾಜಕೀಯ ದೇಣಿಗೆ ನಿಲ್ಲಿಸಿದ್ರು. ಆದ್ರೂ ಉದ್ಯೋಗಿಗಳು ಕೆಲಸ ಬಿಟ್ಟು ಹೊರಗೆ ಬಂದು ಪ್ರತಿಭಟಿಸಿದ್ರು. ಮಾರ್ಚ್ 28ಕ್ಕೆ ಡಿಸಾಂಟಿಸ್ ಸಹಿ ಹಾಕಿದ ದಿನ, ಈ ಕಾನೂನು ರದ್ದಾಗಬೇಕು ಅನ್ನೋದೇ ನಮ್ಮ ಗುರಿ ಅಂತ ಡಿಸ್ನಿ ಹೇಳಿಕೆ ಕೊಡ್ತು.

ಅಲ್ಲಿಂದ ನಾಲ್ಕು ವಾರ ಕೂಡ ಆಗಿಲ್ಲ. ಏಪ್ರಿಲ್ 22ಕ್ಕೆ ರೀಡಿ ಕ್ರೀಕ್ ಜಿಲ್ಲೆಯನ್ನ ವಿಸರ್ಜನೆ ಮಾಡೋ ಕಾನೂನಿಗೂ ಸಹಿ ಬಿತ್ತು. ಜಾರಿ ಆಗೋದು 2023ರ ಜೂನ್ 1ಕ್ಕೆ. ಆ ಥೀಮ್ ಪಾರ್ಕ್ ವಿನಾಯಿತಿಯೂ ಅದೇ ಅಧಿವೇಶನದಲ್ಲಿ ಹೋಯ್ತು.

ಈಗ ನನ್ನಂಥ ಬಿಕಾಂ ಜನಕ್ಕೆ ಇಷ್ಟ ಆಗೋ ಭಾಗ: ಬ್ಯಾಲೆನ್ಸ್ ಶೀಟು. ಜಿಲ್ಲೆ ಮುಚ್ಚಿದ್ರೆ ಅದರ ಆಸ್ತಿ ಜೊತೆಗೆ ಸಾಲವೂ ಸ್ಥಳೀಯ ಕೌಂಟಿಗಳ ತಲೆ ಮೇಲೆ ಬರುತ್ತೆ. ಬಾಂಡ್ ಸಾಲ ಎಷ್ಟು? ಸುಮಾರು 100 ಕೋಟಿ ಡಾಲರ್! ಅಲ್ಲೀವರೆಗೆ ಡಿಸ್ನಿ ಈ ಜಿಲ್ಲೆಗೆ ವರ್ಷಕ್ಕೆ ಸುಮಾರು 16 ಕೋಟಿ ಡಾಲರ್ ತೆರಿಗೆ ಕಟ್ತಿತ್ತು, ಸೇವೆ ಮತ್ತು ಸಾಲದ ಕಂತು ಎರಡಕ್ಕೂ. ಜಿಲ್ಲೆಯೇ ಇಲ್ಲ ಅಂದ್ರೆ ಆ ತೆರಿಗೆಯೂ ಇಲ್ಲ. ಪಾರ್ಕ್ ಇರೋ ಆರೆಂಜ್ ಕೌಂಟಿಯ ತೆರಿಗೆ ಅಧಿಕಾರಿ ಜನರ ಆಸ್ತಿ ತೆರಿಗೆ ಶೇ. 20ರಿಂದ 25ರಷ್ಟು ಏರಿಸಬೇಕಾಗುತ್ತೆ ಅಂತ ಎಚ್ಚರಿಕೆ ಕೊಟ್ರು. ಡಿಸ್ನಿಗೆ ಪಾಠ ಕಲಿಸೋಕೆ ಹೋಗಿ, ಡಿಸ್ನಿ ಹೋಟೆಲ್‌ನಲ್ಲಿ ಬೆಡ್‌ಶೀಟ್ ಬದಲಾಯಿಸೋ ಹೆಂಗಸಿನ ಮನೆಗೆ ಬಿಲ್ ಕಳಿಸಿದ ಹಾಗೆ. ಇನ್ನೊಂದು ತೊಡಕು: ಬಾಂಡ್ ತಗೊಂಡೋರ ಹಕ್ಕಿಗೆ ಧಕ್ಕೆ ತರಲ್ಲ ಅಂತ 1967ರಲ್ಲೇ ರಾಜ್ಯ ಮಾತು ಕೊಟ್ಟಿತ್ತು.

ಹಾಗಾಗಿ ಸರ್ಕಾರ ದಾರಿ ಬದಲಾಯಿಸ್ತು. 2023ರ ಫೆಬ್ರವರಿ 27ಕ್ಕೆ ಹೊಸ ಕಾನೂನು. ಜಿಲ್ಲೆ ಇರುತ್ತೆ, ಸಾಲ ಅಲ್ಲೇ ಇರುತ್ತೆ, ಹೆಸರು ಬದಲಾಗುತ್ತೆ, ಮಂಡಳಿಯ ಐದೂ ಜನರನ್ನ ಗವರ್ನರ್ ನೇಮಿಸ್ತಾರೆ.

ಆದ್ರೆ ಹಳೇ ಮಂಡಳಿ ಸುಮ್ಮನೆ ಕೂತಿರಲಿಲ್ಲ. ಫೆಬ್ರವರಿ 8ಕ್ಕೇ, ಪತ್ರಿಕೆಯಲ್ಲಿ ನೋಟಿಸ್ ಕೊಟ್ಟು, ಸಾರ್ವಜನಿಕ ಸಭೆ ಕರೆದು, ಡಿಸ್ನಿ ಜೊತೆ ಕರಾರು ಮಾಡ್ಕೊಂಡುಬಿಟ್ಟಿತ್ತು. ಒಂದರಲ್ಲಿ 30 ವರ್ಷದ ನಿರ್ಮಾಣದ ಹಕ್ಕು. ಇನ್ನೊಂದರಲ್ಲಿ, ಡಿಸ್ನಿ ಒಪ್ಪಿಗೆ ಇಲ್ಲದೆ ಜಿಲ್ಲೆ ಮಿಕ್ಕಿ ಮೌಸ್ ಚಿತ್ರ ಕೂಡ ಬಳಸೋ ಹಾಗಿಲ್ಲ ಅಂತ ನಿರ್ಬಂಧಗಳು. ರಾಜ ಚಾರ್ಲ್ಸ್ ಬರೋದು ಈ ಎರಡನೇದರಲ್ಲಿ. ಆಸ್ತಿಯನ್ನ ಶಾಶ್ವತವಾಗಿ ಕಟ್ಟಿಹಾಕೋಕೆ ಕಾನೂನು ಬಿಡಲ್ಲ, ಬದುಕಿರೋ ಯಾರದ್ದಾದ್ರೂ ಆಯಸ್ಸಿಗೆ ಗಂಟು ಹಾಕ್ಬೇಕು. ನಮ್ಮ ಆಸ್ತಿ ವರ್ಗಾವಣೆ ಕಾಯ್ದೆಯ 14ನೇ ಸೆಕ್ಷನ್‌ನಲ್ಲೂ ಇದರದ್ದೇ ತಮ್ಮನಂಥ ನಿಯಮ ಇದೆ. ವಂಶಾವಳಿ ಎಲ್ಲರಿಗೂ ಗೊತ್ತಿರುತ್ತೆ ಅನ್ನೋ ಕಾರಣಕ್ಕೆ ವಕೀಲರು ರಾಜಮನೆತನ ಹಿಡೀತಾರೆ. ಹೊಸ ಮಂಡಳಿ ಕೂತು ಕಾಗದ ತಿರುವಿ ನೋಡಿದಾಗ ಮಾರ್ಚ್ ಕೊನೆ!

ಆಮೇಲೆ ನಡೆದಿದ್ದು ಸಿನಿಮಾ ಸೆಕೆಂಡ್ ಹಾಫ್. ಪಾರ್ಕ್ ಪಕ್ಕ ಜೈಲು ಕಟ್ಟಬಹುದು ಅಂತ ಡಿಸಾಂಟಿಸ್ ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ರು. ಏಪ್ರಿಲ್ 26ಕ್ಕೆ ಹೊಸ ಮಂಡಳಿ ಆ ಕರಾರುಗಳನ್ನ ಅನೂರ್ಜಿತ ಅಂತ ಘೋಷಿಸ್ತು, ಅವತ್ತೇ ಡಿಸ್ನಿ ಫೆಡರಲ್ ಕೋರ್ಟಿಗೆ ಹೋಯ್ತು: ನಾವು ಮಾತಾಡಿದ್ದಕ್ಕೆ ಸರ್ಕಾರ ಶಿಕ್ಷೆ ಕೊಡ್ತಿದೆ, ಇದು ವಾಕ್ ಸ್ವಾತಂತ್ರ್ಯದ ಉಲ್ಲಂಘನೆ ಅಂತ. ಮೇ ತಿಂಗಳಲ್ಲಿ ಸುಮಾರು 100 ಕೋಟಿ ಡಾಲರ್‌ನ ಹೊಸ ಆಫೀಸ್ ಕ್ಯಾಂಪಸ್ ಯೋಜನೆಯನ್ನೇ ಡಿಸ್ನಿ ಕೈಬಿಟ್ಟಿತು, ಕ್ಯಾಲಿಫೋರ್ನಿಯಾದಿಂದ ಬರಬೇಕಿದ್ದ 2,000ದಷ್ಟು ಕೆಲಸಗಳೂ ಬರಲಿಲ್ಲ. ಅದೇ ತಿಂಗಳು ಡಿಸಾಂಟಿಸ್ ಅಧ್ಯಕ್ಷ ಚುನಾವಣೆಗೆ ಇಳಿದ್ರು. ಮಧ್ಯೆ ಸಿಕ್ಕಿಹಾಕ್ಕೊಂಡಿದ್ದು ಜಿಲ್ಲೆಯ ನೌಕರರು. ಅವರಿಗೆ ಮೊದಲಿಂದ ಸಿಗ್ತಿದ್ದ ಪಾರ್ಕ್ ಪಾಸುಗಳನ್ನ ಹೊಸ ಮಂಡಳಿ ನಿಲ್ಲಿಸ್ತು, ನೌಕರರು ಸಭೆಗೇ ಬಂದು ತಕರಾರು ಮಾಡಿದ್ರು.

ಈಗ ತೀರ್ಪು. ಇದನ್ನ ಸ್ವಲ್ಪ ಗಮನ ಕೊಟ್ಟು ಕೇಳಿ. ಡಿಸಾಂಟಿಸ್ ತಮ್ಮ ಉದ್ದೇಶ ಮುಚ್ಚಿಟ್ಟಿರಲಿಲ್ಲ, ಅವರ ಪುಸ್ತಕದಲ್ಲಿ ಡಿಸ್ನಿ ಬಗ್ಗೆ ಒಂದು ಅಧ್ಯಾಯವೇ ಇದೆ. ಆದ್ರೂ 2024ರ ಜನವರಿ 31ಕ್ಕೆ ನ್ಯಾಯಾಧೀಶ ಅಲೆನ್ ವಿನ್ಸರ್ ಡಿಸ್ನಿ ಕೇಸ್ ವಜಾ ಮಾಡಿದ್ರು. ಗವರ್ನರ್ ಮೇಲೆ ಕೇಸ್ ಹಾಕೋಕೆ ಡಿಸ್ನಿಗೆ ಹಕ್ಕಿಲ್ಲ ಅಂದ್ರು. ಜೊತೆಗೆ, ಕಾನೂನು ಮೇಲ್ನೋಟಕ್ಕೆ ಸಂವಿಧಾನಬದ್ಧ ಆಗಿದ್ರೆ, ಅದನ್ನ ಮಾಡಿದ ಶಾಸಕರ ಮನಸ್ಸಲ್ಲಿ ಏನಿತ್ತು ಅಂತ ಕೆದಕಿ ಇಂಥ ಕೇಸ್ ಹಾಕೋ ಹಾಗಿಲ್ಲ ಅಂದ್ರು. ಅಂದ್ರೆ ಕಾನೂನಿನ ಪಠ್ಯದಲ್ಲಿ ಸೇಡು ಅನ್ನೋ ಪದ ಇಲ್ಲದಿದ್ರೆ ಸಾಕು. ಜಿಲ್ಲೆ ಹೋಗಬೇಕಾಗಿತ್ತು ಅಂತ ಅನ್ಕೊಳ್ಳೋ ನನಗೂ ಈ ಸಾಲು ಓದಿದಾಗ ಹೊಟ್ಟೆ ತೊಳೆಸಿದ ಹಾಗಾಯ್ತು. ಡಿಸ್ನಿ ಹತ್ರ ವಕೀಲರ ದಂಡೇ ಇದೆ, ಅದಕ್ಕೇ ಸಿಗಲಿಲ್ಲ. ನಾಳೆ ಒಂದು ಸಣ್ಣ ಸಂಸ್ಥೆ, ಒಂದು ಕಾಲೇಜು, ಒಂದು ಪತ್ರಿಕೆ ಇದೇ ಜಾಗದಲ್ಲಿ ನಿಂತ್ರೆ?

ಡಿಸ್ನಿ ಮೇಲ್ಮನವಿ ಹಾಕಿತು, ಆದ್ರೆ ಅದನ್ನ ಕೊನೇವರೆಗೆ ನಡೆಸಲಿಲ್ಲ. ಡಿಸಾಂಟಿಸ್ ಜನವರಿಯಲ್ಲೇ ಅಧ್ಯಕ್ಷ ಸ್ಪರ್ಧೆಯಿಂದ ಹೊರಬಂದಿದ್ರು. ಮಾರ್ಚ್ 27ಕ್ಕೆ ರಾಜಿ ಆಯ್ತು, ಫೆಬ್ರವರಿ 8ರ ಕರಾರುಗಳು ಅನೂರ್ಜಿತ ಅಂತ ಡಿಸ್ನಿ ಒಪ್ಪಿಕೊಳ್ತು. ರಾಜ ಚಾರ್ಲ್ಸ್ ಷರತ್ತು ಕಸದ ಬುಟ್ಟಿಗೆ. ಜೂನ್‌ನಲ್ಲಿ 15 ವರ್ಷದ ಹೊಸ ಒಪ್ಪಂದ: ಡಿಸ್ನಿ ಮುಂದಿನ 10–20 ವರ್ಷದಲ್ಲಿ 1,700 ಕೋಟಿ ಡಾಲರ್ ತನಕ ಹೂಡಬಹುದು, ಬೇಕಿದ್ರೆ ಐದನೇ ದೊಡ್ಡ ಪಾರ್ಕ್ ಕಟ್ಟಬಹುದು. ಮೇಲ್ಮನವಿ ವಾಪಸ್.

ಆ ಶಾಲೆ ಕಾನೂನು ಏನಾಯ್ತು ಅಂತ ಕೇಳ್ತೀರಾ? ಅದು ಡಿಸ್ನಿ ರಾಜಿಯಲ್ಲಿ ಇರಲೇ ಇಲ್ಲ. ಅದಕ್ಕಾಗಿ ಬೇರೆ ಕೆಲವರು ಕೋರ್ಟಿಗೆ ಹೋಗಿದ್ರು. ಅದೇ ಮಾರ್ಚ್‌ನಲ್ಲಿ, ಡಿಸ್ನಿಗಿಂತ ಎರಡು ವಾರ ಮುಂಚೆ, ಅವರೂ ಸರ್ಕಾರವೂ ರಾಜಿ ಆದ್ರು. ಪಾಠ ಅಂತ ಹೇಳಿಕೊಡದೆ ಇದ್ರೆ ತರಗತಿಯಲ್ಲಿ ಈ ವಿಷಯ ಮಾತಾಡೋಕೆ ಅಡ್ಡಿ ಇಲ್ಲ ಅಂತ ಸ್ಪಷ್ಟನೆ ಬಂತು. ಕಾನೂನು ಮಾತ್ರ ಪುಸ್ತಕದಲ್ಲಿ ಹಾಗೇ ಉಳೀತು.

ಇವತ್ತಿಗೆ ಇಷ್ಟು. ಮುಂದಿನ ವಾರ ಸಿಗ್ತೀನಿ.